ಶಾವಿಗೆ ಒರಳಿಗೆ ಮುಯ್ಯಿ ಹಾಕಿದ ಕಾಮಾಕ್ಷಮ್ಮ

ಚನ್ನರಾಯಪಟ್ಟಣದ ಸುತ್ತಮುತ್ತ ಯಾರ ಮನೆಯಲ್ಲಿ ಮದುವೆಯಾದರೂ ಕಾಮಾಕ್ಷಮ್ಮನವರಿಗೆ ಲಗ್ನಪತ್ರಿಕೆ ತಪ್ಪುತ್ತಿರಲಿಲ್ಲ. ಅವರೂ ಮದುವೆ ತಪ್ಪಿಸುತ್ತಿರಲಿಲ್ಲ. ಮುಯ್ಯಿ ಹಾಕಿ, ಅಕ್ಷತೆ ಚೆಲ್ಲಿ, ಉಂಡು, ಎಲೆ ಅಡಿಕೆ ಹಾಕಿಕೊಂಡು ಬಸ್ಸು ಹತ್ತುವ ಪೈಕಿ ಅವರಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನೇರ ಅಡುಗೆ ಮನೆಗೆ ನುಗ್ಗುತ್ತಿದ್ದರು. ಸಾರಿಗೆ ಉಪ್ಪು ಸಾಲದು ಅನ್ನುವುದರಿಂದ ಹಿಡಿದು ಬೀಗರಿಗೆ ಬಿಸಿನೀರು ಹೋಯಿತೋ ಇಲ್ಲವೋ ಅನ್ನುವವರೆಗೆ ಎಲ್ಲ ಅವರಿಗೇ ಬೇಕು. ಕರೆದವರು ಒಂದೊಂದು ಸಲ ಹಲ್ಲು ಕಡಿದುಕೊಂಡದ್ದೂ ಉಂಟು. ಆದರೆ ಅವರು ಬಾರದ ಮದುವೆ ಸಪ್ಪೆಯಾಯಿತು ಅಂತ ಅದೇ ಜನ ಆಮೇಲೆ ಹೇಳಿದ್ದೂ ಉಂಟು.

ಮುಯ್ಯಿಯ ವಿಷಯದಲ್ಲಂತೂ ಕಾಮಾಕ್ಷಮ್ಮ ಬಲು ಕಟ್ಟುನಿಟ್ಟು. ಅವರ ಮನೆಯ ಶುಭಕಾರ್ಯಕ್ಕೆ ನಾವು ಕೊಟ್ಟದ್ದು ನಮ್ಮ ಮನೆಯ ಶುಭಕಾರ್ಯಕ್ಕೆ ಅಷ್ಟೇ ತೂಕದಲ್ಲಿ ತಿರುಗಿ ಬರಬೇಕು. ತಟ್ಟೆ ಕೊಟ್ಟವರಿಗೆ ತಟ್ಟೆ, ಸೀರೆ ಕೊಟ್ಟವರಿಗೆ ಸೀರೆ. ಯಾರು ಯಾರಿಗೆ ಏನು ಕೊಟ್ಟರು ಅನ್ನುವುದೆಲ್ಲ ಅವರ ನಾಲಿಗೆ ತುದಿಯಲ್ಲೇ ಇರುತ್ತಿತ್ತು.

ಇಷ್ಟೆಲ್ಲ ಗಟ್ಟಿ ಹೆಂಗಸಿಗೆ ತಮ್ಮ ಮನೆಯಲ್ಲಿ ಮಾತ್ರ ದುಡ್ಡಿನ ಮಾತಿನಲ್ಲಿ ಜಾಗವಿರಲಿಲ್ಲ. ಗಂಡ ನಂಜಪ್ಪ ತೆಂಗಿನ ತೋಟ ನೋಡಿಕೊಳ್ಳುತ್ತಿದ್ದರು. ಮಗ ಅಭಿಷೇಕ್ ಪಟ್ಟಣದಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ. ಅಪ್ಪ ಮಗ ಜಗಲಿಯಲ್ಲಿ ಕೂತು ಕೊಬ್ಬರಿ ಮಾರುವುದೋ ಇಟ್ಟುಕೊಳ್ಳುವುದೋ ಎಂದು ಗಂಟೆಗಟ್ಟಲೆ ತಲೆ ಕೆರೆದುಕೊಳ್ಳುವಾಗ ಕಾಮಾಕ್ಷಮ್ಮ ಕಾಫಿ ತಂದಿಟ್ಟು ಒಂದು ಗಳಿಗೆ ನಿಂತಿರುತ್ತಿದ್ದರು. ಯಾರಾದರೂ "ನೀನೇನಂತೀಯ?" ಎಂದು ಕೇಳಿಯಾರೆಂದು. ಯಾರೂ ಕೇಳುತ್ತಿರಲಿಲ್ಲ. ಪ್ರೀತಿ ಇರಲಿಲ್ಲವೆಂದಲ್ಲ, ಹೊಳೆಯುತ್ತಿರಲಿಲ್ಲ ಅಷ್ಟೇ. ಎಮ್ಮೆ ಹಾಲಿನ ದುಡ್ಡು ಮಾತ್ರ ಅವರದೇ. ಅದು ವರ್ಷಗಟ್ಟಲೆಯಿಂದ ಅಂಚೆ ಕಚೇರಿಯಲ್ಲಿ ತೆಪ್ಪಗೆ ಬೆಳೆಯುತ್ತಿತ್ತು.

ಎರಡು ಸಾವಿರದ ನಾಲ್ಕರಲ್ಲಿ ಹೊಳೆನರಸೀಪುರದ ಬಟ್ಟೆ ಅಂಗಡಿ ಈಶ್ವರಯ್ಯನವರ ಮಗಳ ಮದುವೆಯಾಯಿತು. ಊಟ ಮುಗಿಸಿ ಕೆಲವರು ಛತ್ರದ ಹಿಂದಿನ ನೆರಳಿನಲ್ಲಿ ಕೂತಿದ್ದರು. ಅವರಲ್ಲಿ ಒಬ್ಬರು ನಂಜುಂಡಯ್ಯ. ಹಾಸನದಲ್ಲಿ ವಿಮೆ ಕಚೇರಿಯಿಂದ ನಿವೃತ್ತರಾಗಿ, ಬೆಳಗಿನ ಕಾಫಿ ಆರುವುದರೊಳಗೆ ಪೇಪರು ಓದಿ ಮುಗಿಸಿ, ಮಿಕ್ಕ ದಿನವನ್ನು ಏನು ಮಾಡುವುದೆಂದು ತೋಚದೆ ಕೂರುತ್ತಿದ್ದವರು. ಇನ್ನೊಬ್ಬರು ರಾಮನಾಥಪುರದ ಹೊಗೆಸೊಪ್ಪಿನ ವ್ಯಾಪಾರಿ ಗುಂಡಯ್ಯ. ಹರಾಜಿನ ಕಾಲದಲ್ಲಿ ಅವರಿಗೆ ಉಸಿರಾಡಲೂ ಪುರಸೊತ್ತಿಲ್ಲ, ಹರಾಜು ಮುಗಿದರೆ ಮಾಡಲು ಕೆಲಸವಿಲ್ಲ. ಮಾವಿನಹಣ್ಣಿನ ರಸಾಯನ ಹೆಚ್ಚಿಗೆ ಮಿಕ್ಕಿತೆಂದು ಅದನ್ನು ಲೋಟಗಳಲ್ಲಿ ಹಂಚಲು ಅಲ್ಲಿಗೆ ಬಂದವರು ಕಾಮಾಕ್ಷಮ್ಮ.

ನಂಜುಂಡಯ್ಯ ಪೇಪರಿನಲ್ಲಿ ಓದಿದ್ದನ್ನು ಹೇಳುತ್ತಿದ್ದರು. "ಅಮೆರಿಕದಲ್ಲಿ ಕೈಯಲ್ಲಿ ಕಾಸಿರೋರು ನಾಲ್ಕಾರು ಜನ ಗುಂಪು ಕಟ್ಟಿಕೊಂಡು, ಹೊಸದಾಗಿ ಕಸುಬು ಶುರು ಮಾಡೋರಿಗೆ ಬಂಡವಾಳ ಹಾಕ್ತಾರಂತೆ. ಸಾಲ ಅಲ್ಲ, ಪಾಲು. ಗೆದ್ದರೆ ಲಾಭ, ಸೋತರೆ ಗೋವಿಂದ. ಅಂಥವರನ್ನ ಏಂಜೆಲ್ ಅಂತಾರೆ. ಅಂದ್ರೆ ದೇವದೂತರು."

"ದುಡ್ಡಿನ ಇಸ್ಯ ಎತ್ಕಂಡು ಮನೆ ಬಾಗ್ಲಿಗೆ ಬರೋರ್ನ ನಮ್ ಕಡೆ ಯಮದೂತರು ಅಂತೀವಿ ಕಣ್ ಸಾ," ಎಂದರು ಗುಂಡಯ್ಯ.

ಎಲ್ಲರೂ ನಕ್ಕರು. ಕಾಮಾಕ್ಷಮ್ಮ ಲೋಟ ಕೊಡುತ್ತಲೇ ಅಂದರು: "ಅದ್ಕ್ಯಾಕೆ ಅಮೆರಿಕಾಕ್ಕೆ ಓಗ್ತೀರಿ? ಇದು ಮುಯ್ಯಿ ಅಲ್ವಾ? ಸಂಸಾರ ಶುರು ಮಾಡೋ ಉಡುಗ ಉಡುಗೀಗೆ ಎಲ್ರೂ ಸೇರಿ ಎತ್ತಿ ಕೊಡಾಕಿಲ್ವಾ? ಕಸುಬು ಶುರು ಮಾಡೋರ್ಗೂ ಅಂಗೇಯ. ಆದ್ರೆ ಒಂದ್ ಮಾತು ಕಣ್ರಪ್ಪಾ. ಮುಯ್ಯಿ ಹಾಕ್ಬುಟ್ಟು ಮುಂದ್ಗಡೆ ಕುರ್ಚೀಲಿ ಕುಂತ್ಕಳಂಗಿಲ್ಲ. ಬಡ್ಸಾಕೂ ನಿಂತ್ಕಬೇಕು."

ಲೋಟ ಕೈಯಲ್ಲಿ ಹಿಡಿದ ನಂಜುಂಡಯ್ಯ ಕುಡಿಯುವುದನ್ನೇ ಮರೆತರು. "ನೀವು ಸೇರ್ತೀರೇನಮ್ಮಾ, ಅಂಥದ್ದೊಂದು ಕೂಟ ಮಾಡಿದ್ರೆ?" ಎಂದು ಕೇಳಿದರು.

ದುಡ್ಡಿನ ವಿಷಯದಲ್ಲಿ ಕಾಮಾಕ್ಷಮ್ಮನವರನ್ನು ಒಬ್ಬರು ಪ್ರಶ್ನೆ ಕೇಳಿದ್ದು ಅದೇ ಮೊದಲು. ಅವರು ಹಿಂದೆ ಮುಂದೆ ನೋಡದೆ "ಊಂ" ಅಂದುಬಿಟ್ಟರು.

ಹಾಗೆ ಕೂಟ ಹುಟ್ಟಿತು. ಹೆಸರು ಮುಯ್ಯಿ ಕೂಟ. ನಂಜುಂಡಯ್ಯ, ಗುಂಡಯ್ಯ, ಕಾಮಾಕ್ಷಮ್ಮ, ಮದುವೆ ಖರ್ಚಿನಿಂದ ಇನ್ನೂ ಸುಧಾರಿಸಿಕೊಳ್ಳುತ್ತಿದ್ದ ಈಶ್ವರಯ್ಯ, ಈ ನಾಲ್ವರು. ತಿಂಗಳ ಮೊದಲ ಭಾನುವಾರ ಈಶ್ವರಯ್ಯನವರ ಅಂಗಡಿಯ ಅಟ್ಟದ ಮೇಲೆ, ಬಿಚ್ಚದ ಸೀರೆ ಮೂಟೆಗಳ ನಡುವೆ ಸೇರುವುದು. ಯಾಕಪ್ಪಾ ಇದೆಲ್ಲ ಎಂದು ಮನೆಯವರು ಕೇಳಿದರೆ ನಾಲ್ವರೂ "ಲಾಭಕ್ಕೆ" ಎನ್ನುತ್ತಿದ್ದರು. ಹಾಗಂದರೆ ಮನೆಯವರು ಸುಮ್ಮನಾಗುತ್ತಾರೆ. ನಂಜಪ್ಪ ಮಾತ್ರ ಸುಮ್ಮನಾಗಲಿಲ್ಲ. "ಲೇ ಕಾಮಾಕ್ಷಿ, ಹಾಲಿನ ದುಡ್ಡನ್ನ ನೀರಿಗೆ ಸುರೀತೀಯಾ?" ಎಂದು ರೇಗಿಸಿದರು. "ಇಷ್ಟ್ ದಿನ ನೀರನ್ನ ಹಾಲಿಗೆ ಸುರ್ದು ತಾನೆ ದುಡ್ ಮಾಡಿದ್ದು," ಎಂದು ಹೆಂಡತಿ ಬಾಯಿ ಮುಚ್ಚಿಸಿದರು.

ಮೊದಲ ಕೆಲವು ಭಾನುವಾರ ಬಂದವರೆಲ್ಲ ಗಾಳಿಗೋಪುರ ಕಟ್ಟುವವರೇ. ಆಮೇಲೆ ಒಂದು ದಿನ ಅಟ್ಟ ಹತ್ತಿ ಬಂದವಳು ಪ್ರೇಮಕುಮಾರಿ. ಅದೇ ಊರಿನಲ್ಲಿ ಕಬ್ಬಿಣ ಕಡೆಯುವ ಲೇತ್ ಅಂಗಡಿ ಇಟ್ಟಿದ್ದ ಪಾಪಯ್ಯನವರ ಮಗಳು. ಖಾಸಗಿ ಐಟಿಐ ಒಂದರಲ್ಲಿ ಹುಡುಗರಿಗೆ ಫಿಟ್ಟರ್ ಪಾಠ ಹೇಳುವ ಕಾಯಂ ನೌಕರಿ ಅವಳದು. ಅವಳ ಸಂಬಳದಲ್ಲೇ ಮನೆ ನಡೆಯಬೇಕು. ಅಪ್ಪನ ಕೈ ನಡುಗಲು ಶುರುವಾಗಿ ಲೇತ್ ಮುಚ್ಚಿತ್ತು. ಸಂಜೆಯ ಹೊತ್ತು ಅವಳೇ ಅದನ್ನು ತೆರೆದು ಒಂದು ಶಾವಿಗೆ ಒರಳು ಮಾಡಿದ್ದಳು.

ಒತ್ತು ಶಾವಿಗೆ ಮಾಡಿದವರಿಗೆ ಅದರ ಕಷ್ಟ ಗೊತ್ತು. ಬೆಂದ ಅಕ್ಕಿಹಿಟ್ಟಿನ ಉಂಡೆ ಬಿಸಿ ಆರುವುದರೊಳಗೆ ಒತ್ತಬೇಕು. ಮೂರು ಕಾಲಿನ ಒರಳನ್ನು ಒಬ್ಬರು ಅಮುಕಿ ಹಿಡಿಯಬೇಕು, ಇನ್ನೊಬ್ಬರು ಉಸಿರು ಕಟ್ಟಿ ಮೇಲಿನ ಹಿಡಿ ತಿರುಗಿಸಬೇಕು. ಪ್ರೇಮಕುಮಾರಿ ಮಾಡಿದ್ದ ಒರಳಿಗೆ ಕೂರುವ ಮಣೆಯಿತ್ತು, ಒಳಗೆ ಹಲ್ಲುಚಕ್ರವಿತ್ತು. ಒಬ್ಬರೇ ಕೂತು ಹೊಲಿಗೆ ಯಂತ್ರದ ಹಿಡಿಯಂತೆ ಹಗುರವಾಗಿ ತಿರುಗಿಸಿದರೆ ಎಳೆ ಎಳೆಯಾಗಿ ಶಾವಿಗೆ ಇಳಿಯುತ್ತಿತ್ತು.

"ನಮ್ಮಮ್ಮ ಒಬ್ಬರೇ ಇರೋವಾಗಲೂ ಶಾವಿಗೆ ತಿನ್ನಲಿ ಅಂತ ಮಾಡಿದೆ ಸಾರ್," ಎಂದಳು ಪ್ರೇಮಕುಮಾರಿ.

ಈಶ್ವರಯ್ಯನವರು ಗಲ್ಲ ಕೆರೆದುಕೊಂಡರು. ಗುಂಡಯ್ಯ, ಮನೆಗೊಂದು ಒರಳು ಕೊಂಡರೆ ಮತ್ತೆ ಯಾರು ಕೊಂಡಾರು ಎಂದು ರಾಗ ಎಳೆದರು. ನಂಜುಂಡಯ್ಯ ಎಂದಿನಂತೆ ತಿರುಗಿ, "ಕಾಮಾಕ್ಷಮ್ಮನೋರೇ, ನೀವೇನಂತೀರಿ?" ಎಂದು ಕೇಳಿದರು.

ಕಾಮಾಕ್ಷಮ್ಮ ಹುಡುಗಿಯ ಕೈ ನೋಡುತ್ತಿದ್ದರು. ಬೆರಳಿನ ಗೆಣ್ಣುಗಳು ಗ್ರೀಸು ಹತ್ತಿ ಕಪ್ಪಾಗಿದ್ದವು. ಅವರಿಗೆ ಅವಳ ಮೇಲೆ ಅಲ್ಲೇ ಪ್ರೀತಿ ಹುಟ್ಟಿತು, ಅದಕ್ಕೆ ಬೇರೆ ಹೆಸರಿಲ್ಲ. "ನನ್ ಮುಯ್ಯಂತೂ ಐತೆ ಈ ಮಗೀಗೆ," ಅಂದರು. ಆ ಒಂದು ಮಾತಿನ ಮೇಲೆ ಉಳಿದ ಮೂವರೂ ಹ್ಞೂಂ ಅಂದರು. ಅವತ್ತು ಬಸ್ಸಿನಲ್ಲಿ ಮನೆಗೆ ಬರುವಾಗ ಕಾಮಾಕ್ಷಮ್ಮನವರಿಗೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ತಮ್ಮ ಮಾತಿನ ಮೇಲೆ ನಾಲ್ಕು ಜನರ ದುಡ್ಡು ನಿಂತಿತ್ತು!

ಮುಯ್ಯಿ ಹಾಕಿದ್ದಾಯಿತು, ಇನ್ನು ಬಡಿಸುವುದು. ನಂಜುಂಡಯ್ಯ ಲೈಸೆನ್ಸು, ನೋಂದಣಿ ಎಂದು ಕಚೇರಿಯಿಂದ ಕಚೇರಿಗೆ ಓಡಾಡಿ ಹತ್ತು ವರ್ಷ ಚಿಕ್ಕವರಾದರು. ಗುಂಡಯ್ಯ ತಮ್ಮ ಹೊಗೆಸೊಪ್ಪಿನ ಲಾರಿಯ ಮೂಲೆಯಲ್ಲಿ ಒರಳುಗಳನ್ನು ಇಟ್ಟು ಅರಕಲಗೂಡಿನ ಪಾತ್ರೆ ಅಂಗಡಿಗಳಿಗೆ ಮುಟ್ಟಿಸಿದರು. ಈಶ್ವರಯ್ಯ ಸೀರೆಗಳ ಪಕ್ಕದಲ್ಲೇ ಒರಳು ಇಟ್ಟು ಗಿರಾಕಿಗಳನ್ನು ತಬ್ಬಿಬ್ಬು ಮಾಡಿದರು. ಕಾಮಾಕ್ಷಮ್ಮ ವಾರಕ್ಕೊಮ್ಮೆ ಬಂದು ಲೇತ್ ಅಂಗಡಿಯಲ್ಲೇ ಹಿಟ್ಟು ಬೇಯಿಸಿ, ಒತ್ತಿ, ಕಾಯಿಹಾಲು ಹಾಕಿ ಹೊಸದಾಗಿ ಸೇರಿದ ಕೆಲಸದವರಿಗೆಲ್ಲ ತಿನ್ನಿಸಿ, "ಬಂಗಾರದಂಗೈತೆ ಕಣವ್ವಾ" ಎಂದು ಹೇಳಿ ಹೋಗುತ್ತಿದ್ದರು. ಅವರ ಬದುಕಿನಲ್ಲೇ ಅಷ್ಟು ಸಂತೋಷದ ದಿನಗಳು ಬಂದಿರಲಿಲ್ಲ.

ಒರಳೂ ಖರ್ಚಾಗತೊಡಗಿತು. ಮೊದಲು ನಿಧಾನಕ್ಕೆ, ಆಮೇಲೆ ಜೋರಾಗಿ. ಮದುವೆ ತಿಂಗಳುಗಳಲ್ಲಂತೂ ಮಾಡಿದ್ದು ಸಾಲದು. ಎರಡು ವರ್ಷ ಕಳೆಯುವಷ್ಟರಲ್ಲಿ ಪ್ರೇಮಕುಮಾರಿಗೆ ಧೈರ್ಯ ಬಂತು. ಶ್ರಾವಣದ ಒಂದು ಭಾನುವಾರ ಅಟ್ಟದ ಮೇಲೆ ಎದ್ದುನಿಂತು ಹೇಳಿದಳು: "ಇನ್ನು ಸಂಜೆ ಹೊತ್ತಿನ ಕೆಲಸದಲ್ಲಿ ಪೂರೈಸೋಕಾಗಲ್ಲ. ನಾಳೆ ಬಿಟ್ಟು ಮುಂದಿನ ಸೋಮವಾರ ನೌಕರಿಗೆ ರಾಜೀನಾಮೆ ಕೊಡ್ತೀನಿ. ದೊಡ್ಡ ಶೆಡ್ಡು ನೋಡಿದೀನಿ."

ನಾಲ್ವರೂ ಚಪ್ಪಾಳೆ ತಟ್ಟಿದರು. ಅವತ್ತೇ ಯಾರಾದರೂ ಇನ್ನೊಬ್ಬರ ಮುಖವನ್ನು ಸರಿಯಾಗಿ ನೋಡಿದ್ದರೆ, ಚಪ್ಪಾಳೆಯ ಹಿಂದೆ ಸಣ್ಣದೊಂದು ಅಳುಕು ಕಾಣುತ್ತಿತ್ತು. ಆದರೆ ಪ್ರತಿಯೊಬ್ಬರೂ ತಮ್ಮ ಮುಖ ಬಚ್ಚಿಡುವುದರಲ್ಲೇ ಇದ್ದರು.

ಆ ಸೋಮವಾರಕ್ಕೆ ಮೂರ್ನಾಲ್ಕು ದಿನ ಮುಂಚೆ ಅಭಿಷೇಕ್ ಪಟ್ಟಣದಲ್ಲಿ ಕಟ್ಟಿಸಿದ ಮನೆಯ ಗೃಹಪ್ರವೇಶವಾಯಿತು. ನೆಂಟರಿಷ್ಟರೆಲ್ಲ ಬಂದರು. ಊಟವಾದ ಮೇಲೆ ನಡುಮನೆಯಲ್ಲಿ ಉಡುಗೊರೆ ಬಿಚ್ಚಲು ಕೂತರು. ಸೊಸೆ ಸಿಂಧು ಮೊದಲ ಪೊಟ್ಟಣ ಬಿಚ್ಚಿದಳು. ಶಾವಿಗೆ ಒರಳು. ಎಲ್ಲರೂ ಮೆಚ್ಚಿದರು. ಎರಡನೆಯದು ಬಿಚ್ಚಿದಳು. ಅದೂ ಶಾವಿಗೆ ಒರಳು. ಮೂರನೆಯದನ್ನು ಎತ್ತುವಾಗಲೇ ತೂಕದಲ್ಲಿ ಗೊತ್ತಾಗಿ ನಗು ತಡೆಯಲಾರದೆ ಕೆಳಗಿಟ್ಟಳು. ಗೋಡೆ ಬದಿಗೆ ಒರಳುಗಳು ಸಾಲಾಗಿ ಬಂದು ಕೂತವು.

ಕಾಮಾಕ್ಷಮ್ಮ ಸಾಲಿನ ಹತ್ತಿರ ಬಗ್ಗಿ ನೋಡಿದರು. ಅವುಗಳಲ್ಲಿ ಒಂದೊಂದನ್ನೂ ಅವರು ಗುರುತಿಸಬಲ್ಲವರಾಗಿದ್ದರು. ಎರಡು ವರ್ಷದಿಂದ ಅವರು ಹೋದ ಮದುವೆ, ನಾಮಕರಣ, ಸೀಮಂತಗಳಿಗೆಲ್ಲ ಶಾವಿಗೆ ಒರಳನ್ನೇ ಮುಯ್ಯಿ ಹಾಕಿದ್ದರು. ಹುಡುಗಿಗೆ ಒಂದಿಷ್ಟು ವ್ಯಾಪಾರವಾಗಲಿ, ಹುರುಪು ಬರಲಿ ಎಂದು ಪಾತ್ರೆ ಅಂಗಡಿಯಿಂದ ಗುಟ್ಟಾಗಿ ಕೊಂಡು ಕೊಟ್ಟವು ಅವು. ಪದ್ಧತಿಯ ಪ್ರಕಾರ ನೆಂಟರು ಅವನ್ನೇ ಅಷ್ಟೇ ತೂಕದಲ್ಲಿ ತಿರುಗಿಸಿದ್ದರು. ಡಬ್ಬದ ಪಟ್ಟಿಯನ್ನೂ ಬಿಚ್ಚಿರಲಿಲ್ಲ.

ಇಷ್ಟೇ ಆಗಿದ್ದರೆ ಅವರು ನಾಲಿಗೆ ಕಚ್ಚಿಕೊಂಡು ಸುಮ್ಮನಿರುತ್ತಿದ್ದರೋ ಏನೋ. ಅಷ್ಟರಲ್ಲಿ ಸಿಂಧು ನಂಜುಂಡಯ್ಯ ತಂದ ಪೊಟ್ಟಣ ಬಿಚ್ಚಿದಳು. ಶಾವಿಗೆ ಒರಳು. ಗುಂಡಯ್ಯನವರದು? ಶಾವಿಗೆ ಒರಳು. ಈಶ್ವರಯ್ಯನವರಂತೂ ಬಟ್ಟೆ ಅಂಗಡಿಯ ಮಾಲೀಕರು, ಒಂದು ಸೀರೆಯನ್ನಾದರೂ ತರಬಾರದಿತ್ತೇ! ಅವರ ಪೊಟ್ಟಣದಲ್ಲೂ ಅದೇ.

ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಒಬ್ಬೊಬ್ಬರಾಗಿ ಮಹಡಿ ಹತ್ತಿದರು.

"ನಮ್ಮ ನೆಂಟರಲ್ಲಿ ಮದುವೆಯಾದ ಹುಡುಗೀರಿಗೆಲ್ಲ ನಾನು ಒರಳೇ ಕೊಟ್ಟಿರೋದು," ಎಂದು ನಂಜುಂಡಯ್ಯ ತಲೆ ತಗ್ಗಿಸಿದರು.

"ನಮ್ ಒರಳೆಲ್ಲ ಹೊಗೆಸೊಪ್ಪಿನ್ ಗೋಡೌನಲ್ ಬಿದ್ದವೆ," ಎಂದರು ಗುಂಡಯ್ಯ. "ಅಂಗಡಿಯೋರು ಮಾರ್ಲಿಲ್ಲ ಅಂದ್ರೆ ಮಗು ಬೇಜಾರ್ ಮಾಡ್ಕತದೆ ಅಂತ ನಾನೇ ಕೊಂಡ್ಕಂಡ್ಬುಡ್ತಿದ್ದೆ."

"ಸೀರೆ ಪಕ್ಕದಲ್ಲಿಟ್ಟವನ್ನ ನಾನೇ ಕೊಂಡೆ," ಎಂದರು ಈಶ್ವರಯ್ಯ. ಗುಂಡಯ್ಯನವರಿಗೆ ನಗು ಉಕ್ಕಿತು. ನಾಲ್ವರೂ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ನಗುತ್ತಿದ್ದ ಕಾಮಾಕ್ಷಮ್ಮ ಇದ್ದಕ್ಕಿದ್ದಂತೆ ನಿಂತರು. "ಸೋಮ್ವಾರ," ಎಂದರು.

ಎಲ್ಲರ ನಗುವೂ ಇಳಿಯಿತು. ಇಷ್ಟೊಂದು ಜನ ಕೊಳ್ಳುತ್ತಿದ್ದಾರೆಂದು ನಂಬಿ ಆ ಹುಡುಗಿ ಸಂಬಳದ ನೌಕರಿ ಬಿಡಲು ಹೊರಟಿದ್ದಳು. ಕೊಳ್ಳುತ್ತಿದ್ದವರು ಬಹುಪಾಲು ಈ ನಾಲ್ವರೇ.

"ನಿಧಾನವಾಗಿ, ಬೇಜಾರಾಗದ ಹಾಗೆ ಹೇಳೋಣ," ಎಂದರು ನಂಜುಂಡಯ್ಯ. "ಹಬ್ಬ ಕಳೀಲಿ," ಎಂದರು ಈಶ್ವರಯ್ಯ. ಹೇಳಿದರೆ ಏನಾಗುತ್ತದೆಂದು ಕಾಮಾಕ್ಷಮ್ಮನವರಿಗೂ ಗೊತ್ತಿತ್ತು. ಕೂಟಕ್ಕೆ ಈ ಒರಳನ್ನು ಹಿಡಿಸಿದ್ದು ಅವರ ಮಾತು. ಇನ್ನು ಮುಂದೆ "ನೀವೇನಂತೀರಿ" ಎಂದು ಅವರನ್ನು ಕೇಳುವವರು ಯಾರು? ಮತ್ತೆ ಕಾಫಿ ತಂದಿಟ್ಟು ಬಾಗಿಲ ಬಳಿ ನಿಲ್ಲುವುದೇ. ಆದರೂ ಮಾರನೆಯ ಬೆಳಿಗ್ಗೆ ಹೊಳೆನರಸೀಪುರದ ಬಸ್ಸು ಹತ್ತಿದರು.

ಐಟಿಐ ಗೇಟಿನ ಹೊರಗೆ, ಹೊಂಗೆ ಮರದ ಕೆಳಗೆ ಪ್ರೇಮಕುಮಾರಿಯನ್ನು ನಿಲ್ಲಿಸಿಕೊಂಡು ಅವರು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರು. "ರಾಜೀನಾಮೆ ಕೊಡ್ಬ್ಯಾಡ ಕಣವ್ವಾ. ನಿನ್ನೊರಳ ಜನ ಕೊಂಡ್ಕಂತಿಲ್ಲ. ನಾವ್ ಕೊಂಡ್ಕಂತಿದ್ದೋ."

ಪ್ರೇಮಕುಮಾರಿಯ ಮುಖ ಬಿಳಿಚಿತು. ಕಿರುಚಲಿಲ್ಲ, ಅಳಲಿಲ್ಲ. "ಎರಡು ವರ್ಷ ನನ್ನ ಆಟ ಆಡಿಸಿದ್ರಾ?" ಎಂದಷ್ಟೇ ಕೇಳಿ, ತಿರುಗಿ ಒಳಗೆ ಹೋದಳು. ಕಾಮಾಕ್ಷಮ್ಮ ಬಸ್ಸಿನಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಮನೆಗೆ ಬಂದರು. ಅವತ್ತು ಅಡುಗೆಗೆ ಉಪ್ಪು ಹಾಕುವುದನ್ನೇ ಮರೆತರು. ನಂಜಪ್ಪ ತಾವೇ ಉಪ್ಪು ಕಲಸಿಕೊಂಡು ಉಂಡೆದ್ದರು.

ಮುಂದಿನ ತಿಂಗಳು ಅಟ್ಟದ ಮೇಲೆ ಕೂಟ ಸೇರಲಿಲ್ಲ. ಪ್ರೇಮಕುಮಾರಿ ನೌಕರಿ ಬಿಡಲಿಲ್ಲವೆಂದು ಮಾತ್ರ ಸುದ್ದಿ ಬಂತು. ಆಮೇಲೆ ಒಂದು ರಜೆಯ ದಿನ ಅವಳೇ ಕಾಮಾಕ್ಷಮ್ಮನವರ ಮನೆ ಹುಡುಕಿಕೊಂಡು ಬಂದಳು. ಕಾಫಿ ಕುಡಿದಳು. ಚೀಲದಿಂದ ಒಂದು ದಪ್ಪ ಕವರು ತೆಗೆದು ಮುಂದಿಟ್ಟಳು.

"ನಿಜವಾಗಿ ಕೊಂಡವರು ಯಾರು ಅಂತ ನಾನೇ ಊರೂರು ಸುತ್ತಿ ಹುಡುಕಿದೆ," ಎಂದಳು. "ಅರಕಲಗೂಡಲ್ಲಿ ಒಂದು ಹೋಟೆಲಿನವರು, ಗೊರೂರಲ್ಲಿ ಸಂಘ ಮಾಡಿಕೊಂಡು ಶಾವಿಗೆ ಒಣಗಿಸಿ ಮಾರೋ ಹೆಂಗಸರು, ಅಂಥೋರು ಕೆಲವರು. ಮನೆಗಳೋರಿಗೆ ಬೇಕಾಗಿಲ್ಲ ಇದು, ಕಸುಬಿನೋರಿಗೆ ಬೇಕು. ನಿಮ್ಮ ಮುಯ್ಯಿ ಗದ್ದಲದಲ್ಲಿ ಅವರು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಇನ್ನು ಮೇಲೆ ಸಣ್ಣದಾಗಿ, ನನ್ನಷ್ಟಕ್ಕೆ ನಾನು ಮಾಡ್ಕೋತೀನಿ. ಇದು ನೀವು ಹಾಕಿದ ಬಂಡವಾಳ. ಎಲ್ಲರದೂ ತೀರಿಸ್ತೀನಿ, ಮೊದಲು ನಿಮ್ಮದು."

ಕಾಮಾಕ್ಷಮ್ಮ ಕವರನ್ನು ನೋಡಿದರು. ನಷ್ಟವಾಗಲಿಲ್ಲವಲ್ಲ ಎಂದು ಜಗಲಿಯಲ್ಲಿದ್ದ ನಂಜಪ್ಪನವರ ಮುಖ ಅರಳಿತು. ಕಾಮಾಕ್ಷಮ್ಮನವರಿಗೆ ಮಾತ್ರ ಯಾರೋ ಪಂಕ್ತಿಯಿಂದ ಎಬ್ಬಿಸಿದಂತಾಯಿತು. ಈ ದುಡ್ಡನ್ನು ಕೊಟ್ಟ ದಿನ ಅವರಿಗೆ ಯಾಕೆ ಕೊಡುತ್ತಿದ್ದೇನೆಂದು ಗೊತ್ತಿರಲಿಲ್ಲ. ಅದು ವಾಪಸ್ಸು ಬಂದ ದಿನ ಗೊತ್ತಾಯಿತು. ಅದರೊಂದಿಗೆ ಲೇತ್ ಅಂಗಡಿಯ ಗ್ರೀಸಿನ ವಾಸನೆ, ಆ ನಾಲ್ಕು ಜನರ ಗಲಾಟೆ, ಒಂದು ವಸ್ತು ಕೈಯಿಂದ ಕೈಗೆ ಸಾಗಿ ಬೆಳೆಯುವುದನ್ನು ಕಣ್ಣಾರೆ ನೋಡುವ ಸುಖ ಎಲ್ಲವನ್ನೂ ಅವಳು ಮಡಿಸಿ ತಂದಿದ್ದಳು.

"ತಕ್ಕೊಂಡೋಗವ್ವ ಅದ್ನ," ಎಂದರು. ಕವರನ್ನು ಅವಳತ್ತ ತಳ್ಳಿದರು. "ನಂಗದು ಬ್ಯಾಡ. ಗೆಲ್ಲು, ಸೋಲು, ನಾನಿರ್ತೀನಿ. ನನ್ನ ಆಚೆಗೆ ಮಾತ್ರ ಆಕ್ಬ್ಯಾಡ."

ಪ್ರೇಮಕುಮಾರಿ ಕಾಫಿ ಲೋಟವನ್ನು ಬದಿಗೆ ಸರಿಸಿದಳು. "ಹಾಗಾದ್ರೆ ಒಂದು ಷರತ್ತು. ಒಂದು ಒರಳನ್ನೂ ನೀವು ಕೊಳ್ಳಂಗಿಲ್ಲ. ಹೊಗಳೋ ಹಂಗೂ ಇಲ್ಲ. ಹೊಗಳೋಕೆ ನಮ್ಮಮ್ಮ ಇದಾರೆ. ನೀವು ತಪ್ಪು ಹೇಳೋಕೆ ಬರಬೇಕು."

"ಯಾವಾಗಿಂದ?"

"ಈಗಿಂದಲೇ."

ಕಾಮಾಕ್ಷಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ನೆಟ್ಟಗೆ ಕೂತರು. "ಬೇಜಾರ್ ಮಾಡ್ಕಬ್ಯಾಡ ಮತ್ತೆ. ನಿನ್ನೊರಳ ತೊಳ್ಯಾಕಾಗಾಕಿಲ್ಲ ಕಣವ್ವಾ. ಹಲ್ಲುಚಕ್ರದೊಳೀಕೆ ಹಿಟ್ಟು ಮೆತ್ಕಂಡು ಕಲ್ಲಾಯ್ತದೆ. ಹೇರ್‌ಪಿನ್ನಲ್ಲಿ ಕೆರೆದೂ ಕೆರೆದೂ ನನ್ ಉಗುರೆಲ್ಲ ಕಿತ್ತೋಗವೆ. ಒಂದ್ಸಲ ಒತ್ತಿದೋರು ಇನ್ನೊಂದ್ಸಲ ಒತ್ತಾಕಿಲ್ಲ."

ಪ್ರೇಮಕುಮಾರಿ ಬಾಯಿ ತೆರೆದು ನೋಡಿದಳು. "ಇದು ಯಾವಾಗಿಂದ ಗೊತ್ತು ನಿಮಗೆ?"

"ಮೊದಲ್ನೇ ವಾರದಿಂದ."

"ಬಂಗಾರದಂಗೈತೆ ಅಂತಿದ್ರಲ್ಲಾ!"

"ಪಾಪ, ನೀನು ಅಷ್ಟ್ ಕಷ್ಟ ಬಿದ್ದಿದ್ಯಲ್ಲಾ ಅಂತ..."

ಜಗಲಿಯಲ್ಲಿ ನಂಜಪ್ಪ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಪ್ರೇಮಕುಮಾರಿ ನಗಲಿಲ್ಲ. ಮೂಲೆಯಲ್ಲಿದ್ದ ಕಾಮಾಕ್ಷಮ್ಮನವರ ಒರಳನ್ನು ಎಳೆದು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಬಿಚ್ಚಿ ಹರವಿದಳು. ಆಮೇಲೆ ಬರೆಯಲು ಏನೂ ಸಿಗದೆ ದುಡ್ಡಿನ ಕವರನ್ನೇ ಮಗುಚಿ ಹಾಕಿಕೊಂಡು, ಅದರ ಬೆನ್ನಿಗೆ ಕಳಚಿ ತೊಳೆಯಬಹುದಾದ ಚಕ್ರವೊಂದರ ಚಿತ್ರ ಗೀಚುತ್ತಾ, ತಲೆ ಎತ್ತದೆ ಕೇಳಿದಳು:

"ಹ್ಞಾಂ, ಆಮೇಲೆ? ಇನ್ನೇನಂತೀರಿ?"